ಹೂವಿನ ಬಜ್ಜಿಯೊಳಗೊಂದು ಮೀನು: ರೋಮ್‌ನಲ್ಲಿ ಸಸ್ಯಾಹಾರಿಗಳು ಹೋಟೆಲ್ ಆರಿಸುವುದು ಹೇಗೆ?

ರೋಮ್‌ನ ಪುಟ್ಟ ಹೋಟೆಲೊಂದರಲ್ಲಿ ಕೂತಿದ್ದೆವು. ಪಕ್ಕದ ಟೇಬಲ್ಲಿಗೆ ಬಂದ ತಟ್ಟೆ ನೋಡಿ ಅಮ್ಮನ ಮುಖ ಅರಳಿತು. "ಕುಂಬಳ ಹೂವಿನ ಬಜ್ಜಿ ಅಲ್ವೇನೋ ಅದು? ನಮಗೂ ಒಂದು ಪ್ಲೇಟ್ ಹೇಳೋ." ಹೇಳಿದೆ. ವೆಜಿಟೇರಿಯನ್ನಾ ಅಂತಲೂ ಕೇಳಿದೆ. ಮಾಣಿ "ಸೀ, ಸೀ" ಎಂದು ತಲೆಯಾಡಿಸಿದ. ಬಿಸಿಬಿಸಿ ಬಂತು. ಅಮ್ಮ ಒಂದನ್ನು ಮುರಿದಳು. ಒಳಗೆ ಎಳೆಎಳೆಯಾಗಿ ಚೀಸ್. ಚೀಸ್ ಮಧ್ಯೆ ಕಂದು ಬಣ್ಣದ ಏನೋ ಒಂದು, ಹುಣಸೆಹಣ್ಣಿನ ನಾರಿನ ಹಾಗೆ. ಮೂಗಿನ ಹತ್ತಿರ ತಂದವಳೇ ತಟ್ಟೆ ಪಕ್ಕಕ್ಕೆ ಸರಿಸಿಬಿಟ್ಟಳು. ಅದು ಆಲೀಚಿ. ಉಪ್ಪಿನಲ್ಲಿ ಹಾಕಿಟ್ಟ ಪುಟ್ಟ ಮೀನು.

ಮಾಣಿ ಬೇಕಂತಲೇ ಸುಳ್ಳು ಹೇಳಿದ ಅಂತ ನನಗನ್ನಿಸಲಿಲ್ಲ. ಅವನ ಲೆಕ್ಕದಲ್ಲಿ ಅದು ಹೂವಿನ ತಿಂಡಿ, ಮೀನು ಸುಮ್ನೆ ರುಚಿಗೆ. ಸಾರಿಗೆ ಇಂಗು ಹಾಕಿದ್ದನ್ನು ನಾವು ನೆಂಟರಿಗೆ ಹೇಳುತ್ತೇವಾ? ಹಾಗೆ. ಇಟಲಿಯಲ್ಲಿ ದೊಡ್ಡ ಮಾಂಸದ ತುಂಡು ಕಣ್ಣಿಗೆ ಕಾಣುತ್ತದೆ, ಬಿಟ್ಟುಬಿಡಬಹುದು. ಕಾಟ ಕೊಡುವುದೆಲ್ಲ ಈ ಒಗ್ಗರಣೆ ಬಾಬತ್ತು. ಹಾಗಾಗಿ ವೆಜ್ ಹೋಟೆಲ್ ಎಲ್ಲಿದೆ ಅಂತ ಊರೆಲ್ಲ ಅಲೆಯುವುದಕ್ಕಿಂತ ಮೆನು ಓದಲು ಕಲಿಯುವುದೇ ಲಾಭ.

ಮೊದಲು ಮನೆಯಲ್ಲೇ ಗೆರೆ ಎಳೆಯಿರಿ

ಟಿಕೆಟ್ ಬುಕ್ ಮಾಡಿದ ದಿನವೇ ಮನೆಮಂದಿ ಕೂತು ಮಾತಾಡಿ. ಮೊಟ್ಟೆ ನಡೆಯುತ್ತದಾ? ಮೀನು ಕರಿದ ಎಣ್ಣೆಯಲ್ಲಿ ಕರಿದದ್ದು? ಮತ್ತೆ, ಚೀಸ್?

ಚೀಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಚೀಸ್‌ಗೂ ಹಾಲು ಗಟ್ಟಿಯಾಗಲು ಒಂದು ಹೆಪ್ಪು ಬೇಕು. ನಾವು ಪಾರ್ಮೆಸಾನ್ ಅನ್ನುವ ಪಾರ್ಮಿಜಾನೊ ರೆಜ್ಜಾನೊಗೆ ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು. ಗ್ರಾನಾ ಪದಾನೊಗೂ ಅದೇ. ರೋಮ್‌ನವರು ಎಲ್ಲದರ ಮೇಲೂ ಉದುರಿಸುವ ಪೆಕೊರೀನೊ ರೊಮಾನೊ ಕುರಿ ಹಾಲಿನದು, ಅದರ ಹೆಪ್ಪು ಕುರಿಮರಿಯದು. ಆ ಹೆಸರಲ್ಲಿ ಮಾರಬೇಕಾದರೆ ಹಾಗೆಯೇ ಮಾಡಬೇಕು ಅಂತ ನಿಯಮವಿದೆ. ಈ ಹೆಪ್ಪಿಗೆ ಅಲ್ಲಿ ಕಾಲ್ಯೊ ಅನ್ನುತ್ತಾರೆ. ಮಸ್ಕರ್ಪೊನೆ ಅನ್ನುವ ಕೆನೆ ಚೀಸ್‌ಗೆ ಇದು ಬೇಡ. ನಮ್ಮ ಪನೀರ್ ತರ ಹುಳಿಯಿಂದಲೇ ಗಟ್ಟಿಯಾಗುತ್ತದೆ.

ತಿನ್ನಬೇಕೋ ಬಿಡಬೇಕೋ ಅನ್ನುವುದು ನಿಮಗೆ ಬಿಟ್ಟಿದ್ದು. ನಮ್ಮ ಮನೆಯಲ್ಲೇ ಎರಡು ಪಕ್ಷ. ನನ್ನ ಹೆಂಡತಿ ತಿನ್ನುತ್ತಾಳೆ. ಅಮ್ಮ ವಿಷಯ ಗೊತ್ತಾದ ದಿನದಿಂದ ಮುಟ್ಟಲಿಲ್ಲ. ಆದರೆ ಈ ಚರ್ಚೆ ಮಾಣಿ ಪೆನ್ನು ಹಿಡಿದು ನಿಂತಾಗ ಶುರುವಾಗಬಾರದು, ಅಷ್ಟೇ.

ಯಾವ ಬಡಾವಣೆ, ಯಾವ ಬೋರ್ಡು

ತೆಸ್ತಾಚ್ಚೊ ಅಂತ ಒಂದು ಬಡಾವಣೆ ಇದೆ. ರೋಮ್ ಊಟದ ತವರು ಅಂತ ಎಲ್ಲರೂ ಅಲ್ಲಿಗೆ ಕಳಿಸುತ್ತಾರೆ. ನಗರದ ಕಸಾಯಿಖಾನೆ 1975ರವರೆಗೆ ಅಲ್ಲೇ ಇತ್ತು. ಹಾಗಾಗಿ ಹಳೇ ಹೋಟೆಲುಗಳ ಮೆನುವಿನಲ್ಲಿ ಬಾಲ, ಕರುಳು, ಹೊಟ್ಟೆ ಇವೇ ಜಾಸ್ತಿ. ಬೆಳಿಗ್ಗೆ ಅಲ್ಲಿನ ಮಾರ್ಕೆಟ್ ನೋಡಿ, ಊಟಕ್ಕೆ ಬೇರೆ ಕಡೆ ಹೋಗಿ.

ನನ್ನನ್ನು ಕೇಳಿದರೆ ಹಳೇ ಯಹೂದಿ ಕೇರಿಗೆ ಹೋಗಿ. 1555ರಲ್ಲಿ ಪೋಪ್ 4ನೇ ಪಾಲ್ ಆಜ್ಞೆ ಮಾಡಿ ಯಹೂದಿಗಳನ್ನೆಲ್ಲ ಗೋಡೆಯೊಳಗೆ ಕೂಡಿಹಾಕಿದ ಜಾಗ ಅದು. ಇಂದು ಪೋರ್ತಿಕೊ ದೊತ್ತಾವಿಯ ಬೀದಿಯುದ್ದಕ್ಕೂ ಹೋಟೆಲು. ಇಲ್ಲಿನ ಹೆಸರುವಾಸಿ ತಿನಿಸು ಕಾರ್ಚೋಫಿ ಅಲ್ಲ ಜೂದಿಯ. ಇಡೀ ಆರ್ಟಿಚೋಕ್ ಮೊಗ್ಗನ್ನು ಎಣ್ಣೆಯಲ್ಲಿ ಕರಿದಿರುತ್ತಾರೆ. ಸೇವಂತಿಗೆಯ ಹಾಗೆ ಅರಳಿ, ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಹೊರಗಿನ ಎಸಳು ಹಪ್ಪಳದಂತೆ ಕರುಂ ಅನ್ನುತ್ತದೆ, ನಡುವಿನ ತಿರುಳು ಬೆಣ್ಣೆ. ಉಪ್ಪು ಬಿಟ್ಟು ಮತ್ತೇನೂ ಇಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅದರ ಕಾಲ. ಆಗ ಹೋದವರು ಪುಣ್ಯವಂತರು.

ಇನ್ನೊಂದು ಉಪಯೋಗವೂ ಇದೆ. ಕೋಷರ್, ಅಂದರೆ ಯಹೂದಿಗಳ ಊಟದ ಕಟ್ಟುಪಾಡಿನಲ್ಲಿ ಹಾಲು ಮತ್ತು ಮಾಂಸ ಸೇರುವಂತಿಲ್ಲ. ಹಾಗಾಗಿ ಹಾಲಿನ ಅಡುಗೆಯ ಕೋಷರ್ ಹೋಟೆಲಿನಲ್ಲಿ ಮಾಂಸ ಅಡುಗೆಮನೆಗೇ ಬರುವುದಿಲ್ಲ. ಮೀನು ಬರಬಹುದು, ಅದನ್ನೊಂದು ಕೇಳಿಕೊಳ್ಳಿ.

ಮೂರನೇ ದಿನಕ್ಕೆ ನಾಲಿಗೆ ಸಾರು ಬೇಡುತ್ತದೆ. ತೆರ್ಮಿನಿ ರೈಲು ನಿಲ್ದಾಣದ ಹತ್ತಿರ ಎಸ್ಕ್ವಿಲೀನೊ ಮಾರ್ಕೆಟ್ ಇದೆ. ಬಾಂಗ್ಲಾದವರು, ಭಾರತದವರು ಅಂಗಡಿ ಇಟ್ಟಿದ್ದಾರೆ. ಕೊತ್ತಂಬರಿ, ಹಸಿಮೆಣಸು, ಬೇಳೆ ಸಿಗುತ್ತದೆ. ಅಡುಗೆಮನೆ ಇರುವ ರೂಮು ಹಿಡಿದಿದ್ದರೆ ಬೇರೆ ಚಿಂತೆಯಿಲ್ಲ.

ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುವ, ಊಟದ ಫೋಟೋಗಳನ್ನು ದೊಡ್ಡದಾಗಿ ನೇತುಹಾಕಿದ ಹೋಟೆಲು ಬೇಡ. ಮೆನು ಸಾಮಾನ್ಯವಾಗಿ ಹೊರಗೇ ತೂಗಿರುತ್ತದೆ. ನಿಂತು ಪೂರ್ತಿ ಓದಿ. ಕೂತ ಮೇಲೆ ಎದ್ದು ಬರುವುದು ನಮ್ಮವರಿಗೆ ಮುಜುಗರ.

ಮೆನು ಕೆಳಗಿನಿಂದ ಓದಿ

ಇಟಲಿಯ ಮೆನುವಿಗೆ ಒಂದು ಕ್ರಮ ಇದೆ. ಆಂತಿಪಾಸ್ತಿ ಮೊದಲ ತಿಂಡಿ. ಪ್ರೀಮಿ ಅಂದರೆ ಪಾಸ್ತಾ, ಸೂಪು. ಸೆಕೊಂದಿ ಅಂದರೆ ಮಾಂಸ, ಮೀನು. ಆಮೇಲೆ ಕೊಂತೋರ್ನಿ. ಕೊನೆಗೆ ದೋಲ್ಚಿ, ಅಂದರೆ ಸಿಹಿ. ಎಲ್ಲವನ್ನೂ ತೆಗೆದುಕೊಳ್ಳಲೇಬೇಕು ಅಂತೇನಿಲ್ಲ.

ನಮ್ಮ ಕಣ್ಣು ಮೊದಲು ಕೊಂತೋರ್ನಿಗೆ ಹೋಗಬೇಕು. ಅದು ಪಲ್ಯಗಳ ಸಾಲು. ಅಲ್ಲಿ ಚಿಕೋರಿಯ ಅಂತ ಕಂಡರೆ ಬಿಡಬೇಡಿ. ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿ ಇದೆಯಲ್ಲ, ಆ ಬೇರಿನ ಜಾತಿಯದೇ ಸೊಪ್ಪು. ಬೇಯಿಸಿ, ಬೆಳ್ಳುಳ್ಳಿ, ಒಣಮೆಣಸು, ಆಲಿವ್ ಎಣ್ಣೆಯಲ್ಲಿ ಬಾಡಿಸಿ ಕೊಡುತ್ತಾರೆ. ಮೆಂತ್ಯ ಸೊಪ್ಪಿನ ಹಾಗೆ ಸ್ವಲ್ಪ ಕಹಿ. ಅಮ್ಮ ದಿನಾ ಎರಡು ಹೊತ್ತೂ ಅದನ್ನೇ ತಿಂದಳು. ಪುಂತಾರೆಲ್ಲೆ ಅಂತ ಒಂದು ಹಸಿ ಸೊಪ್ಪಿನ ಕೋಸಂಬರಿ ಬರುತ್ತದೆ, ಅದು ಬೇಡ. ಮೇಲೆ ಸುರಿಯುವ ಎಣ್ಣೆಯಲ್ಲಿ ಮತ್ತದೇ ಆಲೀಚಿ ಅರೆದಿರುತ್ತಾರೆ. ಕಾಳಿನ ಪಲ್ಯದ ಹೆಸರಿನಲ್ಲಿ ಕೊತಿಕೆ ಅಂತಿದ್ದರೆ ಹಂದಿ ಚರ್ಮ ಅಂತ ಅರ್ಥ.

ಆಮೇಲೆ ಪ್ರೀಮಿಗೆ ಬನ್ನಿ. ರೋಮ್‌ನ ಹೆಸರಾಂತ ಪಾಸ್ತಾ ನಾಲ್ಕು: ಕಾಚೊ ಎ ಪೆಪೆ, ಗ್ರೀಚ, ಅಮಾತ್ರಿಚಾನ, ಕಾರ್ಬೊನಾರ. ಮೊದಲನೆಯದು ಬಿಟ್ಟು ಉಳಿದ ಮೂರರಲ್ಲೂ ಗ್ವಾಂಚಾಲೆ ಇರುತ್ತದೆ, ಹಂದಿ ಕೆನ್ನೆಯ ಮಾಂಸ. ಕಾಚೊ ಎ ಪೆಪೆಯಲ್ಲಿ ಪೆಕೊರೀನೊ ಚೀಸ್ ಮತ್ತು ಕರಿಮೆಣಸು ಮಾತ್ರ. ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ. ಚೀಸ್ ಬೇಡದವರಿಗೆ ಪೆನ್ನೆ ಅಲ್ ಅರ್ರಾಬ್ಯಾತ: ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸು. ಮೇಲೆ ಚೀಸ್ ಉದುರಿಸಬೇಡಿ ಅಂತ ಹೇಳಿದರೆ ಆಯಿತು. ಖಾರ ನಮ್ಮ ಲೆಕ್ಕಕ್ಕೆ ಅಷ್ಟಕ್ಕಷ್ಟೇ. ಆದರೂ ಊರು ಬಿಟ್ಟು ನಾಲ್ಕು ದಿನವಾದ ನಾಲಿಗೆಗೆ ಜೀವ ಬರುತ್ತದೆ.

ಸೂಪಿನ ಹತ್ತಿರ ಹುಷಾರು. ಮಿನೆಸ್ತ್ರೋನೆ ಹೆಸರಿಗೆ ತರಕಾರಿ ಸೂಪು. ಆದರೆ ಅದರ ನೀರು ಮೂಳೆ ಬೇಯಿಸಿದ್ದಾಗಿರಬಹುದು, ಒಗ್ಗರಣೆಗೆ ಪಾಂಚೆತ್ತ, ಅಂದರೆ ಉಪ್ಪು ಹಾಕಿಟ್ಟ ಹಂದಿ ಹೊಟ್ಟೆಯ ಮಾಂಸ ಬಿದ್ದಿರಬಹುದು. ಕಡಲೆಕಾಳಿನ ಪಾಸ್ತಾ ಎ ಚೇಚಿಗೆ ರೋಮ್‌ನಲ್ಲಿ ಆಲೀಚಿ ಹಾಕುವ ಅಭ್ಯಾಸ ಉಂಟು. ರಿಸೊತ್ತೊ ಅನ್ನುವ ಅಕ್ಕಿಯ ತಿನಿಸಿಗೂ ಮಾಂಸದ ಬ್ರೋದೊ, ಅಂದರೆ ಕಟ್ಟು ಬಳಸುವವರು ಬಹಳ.

ನನ್ನ ಲೆಕ್ಕ ಸುಲಭ. ಹೊರಗಿನ ಮೆನುವಿನಲ್ಲಿ ನಾವು ತಿನ್ನಬಹುದಾದ ಎರಡು ಪ್ರೀಮಿ, ಮೂರು ಕೊಂತೋರ್ನಿ ಸಿಕ್ಕರೆ ಒಳಗೆ. ಇಲ್ಲದಿದ್ದರೆ ಮುಂದಿನ ಬಾಗಿಲು.

ಸಣ್ಣ ಅಂಕಿಗಳು ಏನು ಹೇಳುತ್ತವೆ

ತಿನಿಸಿನ ಹೆಸರಿನ ಪಕ್ಕ 1, 3, 7 ಅಂತ ಪುಟ್ಟ ಅಂಕಿ ಇರುವುದನ್ನು ನೋಡಿರಬಹುದು. 2014ರ ಡಿಸೆಂಬರ್‌ನಿಂದ ಯುರೋಪಿನ ಒಕ್ಕೂಟದ ದೇಶಗಳಲ್ಲಿ ಹೋಟೆಲುಗಳು 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು. ಆ ಪಟ್ಟಿಯಲ್ಲಿ ಮೊಟ್ಟೆ ಇದೆ, ಮೀನಿದೆ, ಹಾಲಿದೆ. ಅಂಕಿಗಳ ಅರ್ಥ ಮೆನುವಿನ ಕೊನೆಯಲ್ಲಿರುತ್ತದೆ, ಇಲ್ಲವೇ ಕೇಳಿದರೆ ತೋರಿಸುತ್ತಾರೆ. ಅವತ್ತು ನಾನು ಇದನ್ನು ನೋಡಿದ್ದರೆ ಹೂವಿನ ಬಜ್ಜಿ ಕಥೆ ನಡೆಯುತ್ತಲೇ ಇರಲಿಲ್ಲ.

ಆದರೆ ಹಂದಿ, ದನದ ಮಾಂಸ ಅಲರ್ಜಿ ಪಟ್ಟಿಯಲ್ಲಿಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಹಾಗಾಗಿ ಅಂಕಿ ಇಲ್ಲದ ತಿನಿಸು ಸಸ್ಯಾಹಾರ ಅಂದುಕೊಳ್ಳಬೇಡಿ. ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕಿ ಹುಡುಕುವ ನಮ್ಮ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಾರದು.

ಮೊಟ್ಟೆ ತಿನ್ನದವರು ಒಣ ಪಾಸ್ತಾ ಕೇಳಿ. ಸ್ಪಗೆತ್ತಿ, ಪೆನ್ನೆ, ರಿಗತೋನಿ ಸಾಮಾನ್ಯವಾಗಿ ಗೋಧಿ ರವೆ, ನೀರು ಅಷ್ಟೇ. ಫೆತ್ತುಚಿನೆ, ತೊನ್ನರೆಲ್ಲಿಯಂಥ ಹಸಿ ಪಾಸ್ತಾಕ್ಕೆ ಮೊಟ್ಟೆ ಹಾಕಿ ನಾದುತ್ತಾರೆ.

ಹೀಗೆ ಕೇಳಿ

'ವೆಜಿಟೇರಿಯನ್ನಾ?' ಅಂತ ಕೇಳಿದರೆ ಹೌದು ಅಂತಾರೆ. ಪದಾರ್ಥದ ಹೆಸರು ಹಿಡಿದು ಕೇಳಿದರೆ ಒಳಗೆ ಹೋಗಿ ವಿಚಾರಿಸಿ ಬರುತ್ತಾರೆ. "ಸ್ಯಾಮೊ ವೆಜೆತರ್ಯಾನಿ" ಅಂದರೆ ನಾವು ಸಸ್ಯಾಹಾರಿಗಳು. ಅದರ ಬೆನ್ನಿಗೇ "ನೋನ್ ಮಾಂಜಾಮೊ ನೇ ಕಾರ್ನೆ ನೇ ಪೇಷೆ" ಅನ್ನಿ, ಮಾಂಸವೂ ಬೇಡ, ಮೀನೂ ಬೇಡ. 'ಸೆನ್ತ್ಸಾ' ಅಂದರೆ ಇಲ್ಲದೆ. ಅದರ ಮುಂದೆ ಬೇಡವಾದ್ದು ಸೇರಿಸುತ್ತಾ ಹೋಗಿ: ಸೆನ್ತ್ಸಾ ಪಾಂಚೆತ್ತ, ಸೆನ್ತ್ಸಾ ಆಲೀಚಿ, ಸೆನ್ತ್ಸಾ ವೋವಾ ಅಂದರೆ ಮೊಟ್ಟೆ, ಸೆನ್ತ್ಸಾ ಫೊರ್ಮಾಜೊ ಅಂದರೆ ಚೀಸ್. ಸೂಪಿಗೆ, ರಿಸೊತ್ತೊಗೆ "ಬ್ರೋದೊ ವೆಜೆತಾಲೆ?" ಅಂತ ಒಂದು ಮಾತು.

ಇಂಗ್ಲಿಷ್ ಓದಿದ ಹಾಗೆ ಇಟಾಲಿಯನ್ ಓದಿದರೆ ಎಡವುತ್ತೀರಿ. ಸಿ, ಐ ಒಟ್ಟಿಗೆ ಬಂದರೆ 'ಚಿ'. ಸಿ, ಎಚ್ ಬಂದರೆ 'ಕ'. ಜಿ, ಎಲ್, ಐ ಬಂದರೆ 'ಲ್ಯ'. ಮನೆಯಲ್ಲೇ ನಾಲ್ಕು ಸಲ ಹೇಳಿ ನೋಡಿ. ಒತ್ತಕ್ಷರ ಒತ್ತಿ ಹೇಳುವುದು ನಮಗೆ ಹುಟ್ಟಿನಿಂದ ಬಂದಿದ್ದು, ಆ ವಿಷಯದಲ್ಲಿ ಇಂಗ್ಲಿಷಿನವರಿಗಿಂತ ನಾವೇ ವಾಸಿ.

ಪಿಜ್ಜಾ ಇದ್ದೇ ಇದೆ

ಹೌದು, ಇದೆ. ಮಾರ್ಗರೀತ ಎಲ್ಲರಿಗೂ ಗೊತ್ತು. ಮರಿನಾರ ಅಂದರೆ ಸಮುದ್ರದ ನೆನಪು ಬರುತ್ತದೆ, ಮೀನಿರಬಹುದು ಅಂತ ಹೆದರುತ್ತಾರೆ. ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಅಷ್ಟೇ, ಚೀಸ್ ಸಹ ಇಲ್ಲ. ಪೆಪೆರೋನಿ ಅಂದರೆ ಅಲ್ಲಿ ದೊಣ್ಣೆ ಮೆಣಸಿನಕಾಯಿ! ಇಲ್ಲಿ ಪೆಪ್ಪರೋನಿ ಅಂತ ಮಾರುವ ಮಾಂಸದ ಪಿಜ್ಜಾಕ್ಕೆ ಹತ್ತಿರದ್ದು ಅಲ್ಲಿ ದಿಯಾವೊಲ. ರೋಮ್‌ನ ಮೆನುವಿನಲ್ಲಿ 'ನಾಪೊಲಿ' ಅಂತಿದ್ದರೆ ಮೇಲೆ ಮೀನು ಇರುತ್ತದೆ.

ಪಿಜ್ಜಾ ಜೊತೆ ಕರಿದ ತಿಂಡಿ ಹೇಳುವ ಮೊದಲು ಯೋಚಿಸಿ. ಅನ್ನದ ಉಂಡೆ ಸುಪ್ಲಿಯಲ್ಲಿ ಹಳೇ ಪದ್ಧತಿಯಂತೆ ಮಾಂಸದ ಸಾಸ್ ಇರುತ್ತದೆ. ಇಲ್ಲದ ಕಡೆಯೂ ಅದೇ ಬಾಣಲೆಯಲ್ಲಿ ಬಕ್ಕಲಾ ಮೀನು ಕರಿಯುತ್ತಿರಬಹುದು.

ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ಬಹುಪಾಲು ಹೋಟೆಲು ಬಾಗಿಲು ಹಾಕಿರುತ್ತವೆ. ಆಗ ಕಾಪಾಡುವುದು ಪಿಜ್ಜಾ ಅಲ್ ತಾಲ್ಯೊ ಅಂಗಡಿ. ಗಾಜಿನ ಹಿಂದೆ ಉದ್ದುದ್ದ ಟ್ರೇಗಳು. ಆಲೂಗಡ್ಡೆಯದು, ಬರೀ ಟೊಮೆಟೊ ಸವರಿದ್ದು, ಕುಂಬಳ ಹೂವಿನದು. ಹೂವಿನದರಲ್ಲಿ ಏನಿರುತ್ತದೆ ಅಂತ ಈಗ ನಿಮಗೆ ಗೊತ್ತು. ಎಷ್ಟು ಬೇಕು ಅಂತ ಬೆರಳಲ್ಲಿ ಅಳತೆ ತೋರಿಸಿದರೆ ಕತ್ತರಿಯಲ್ಲಿ ಕತ್ತರಿಸಿ ತೂಕ ಹಾಕುತ್ತಾರೆ. ಏತ್ತೊ ಅಂದರೆ 100 ಗ್ರಾಂ. ಬೋರ್ಡಿನಲ್ಲಿರುವ ಬೆಲೆ ಅಷ್ಟಕ್ಕೋ, ಕಿಲೋಗೋ ನೋಡಿಕೊಳ್ಳಿ. ಹಂದಿಮಾಂಸದ ಪಿಜ್ಜಾ ಕತ್ತರಿಸಿದ ಕತ್ತರಿಯನ್ನೇ ಬಳಸುತ್ತಾರೆ. ಒರೆಸಿಕೊಡಿ ಅಂತ ಸನ್ನೆ ಮಾಡಿದರೆ ಬೇಸರಿಸುವುದಿಲ್ಲ.

ಬಿಲ್ಲು, ಸಿಹಿ, ಆಮೇಲೆ ಬಾರ್

ರೋಮ್ ಇರುವ ಲಾತ್ಸಿಯೊ ಪ್ರಾಂತ್ಯದಲ್ಲಿ ಕೊಪೆರ್ತೊ, ಅಂದರೆ ಕೂತಿದ್ದಕ್ಕೆ ದುಡ್ಡು ಕೇಳುವುದನ್ನು 2006ರಲ್ಲಿ ಕಾಯ್ದೆ ಮಾಡಿ ನಿಷೇಧಿಸಿದರು. ಬದಲಿಗೆ ಪಾನೆ ಅಂತ ಬ್ರೆಡ್ಡಿನ ಹೆಸರಲ್ಲಿ ಹಾಕುತ್ತಾರೆ. ಬೇಡವಾದರೆ ಬುಟ್ಟಿ ಬಂದ ಕೂಡಲೇ ವಾಪಸ್ ಕೊಡಿ. ಬೈಟು ಪದ್ಧತಿ ಅಲ್ಲಿಲ್ಲ. ಪಾಸ್ತಾ ಒಬ್ಬರಿಗೊಂದು, ಪಲ್ಯ ಹಂಚಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ.

ಪಾನ್ನಾ ಕೊತ್ತ ಅನ್ನುವ ಕೆನೆಯ ಸಿಹಿ ಗಟ್ಟಿಯಾಗುವುದು ಜೆಲಟಿನ್‌ನಿಂದ, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಅಡುಗೆಯವರು ಅದಕ್ಕೆ ಕೊಲ್ಲ ದಿ ಪೇಷೆ ಅನ್ನುತ್ತಾರೆ, ಮೀನಿನ ಗೋಂದು ಅಂತ. ತಿರಮಿಸುವಿನಲ್ಲಿ ಹಸಿ ಮೊಟ್ಟೆ. ನಿಂಬೆರಸದ ಐಸು ಸೊರ್ಬೆತ್ತೊ ಆದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಮೊಟ್ಟೆ ತಿನ್ನದವರು ಒಮ್ಮೆ ಕೇಳಿಕೊಳ್ಳಿ.

ಕಾಫಿಗೆ ಬಾರ್‌ಗೆ ಹೋಗೋಣ ಅಂದಾಗ ಅಮ್ಮ ಬೀದಿಯಲ್ಲೇ ನಿಂತುಬಿಟ್ಟಳು. "ನಾನು ಬರಲ್ಲಪ್ಪ ಬಾರ್‌ಗೆ!" ಒಳಗೆ ಇಣುಕಿಸಿ ತೋರಿಸಬೇಕಾಯಿತು. ಇಟಲಿಯ ಬಾರ್ ಥೇಟ್ ನಮ್ಮ ದರ್ಶಿನಿ. ಕೂತರೆ ರೇಟು ಜಾಸ್ತಿ, ಎಲ್ಲರೂ ನಿಂತೇ ಕುಡಿಯುತ್ತಾರೆ. ಜನ ಜಾಸ್ತಿ ಇರುವ ಕಡೆ ಮೊದಲು ಕ್ಯಾಶ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ತಗೊಳ್ಳಬೇಕು, ಆಮೇಲೆ ಕಾಫಿ ಕೌಂಟರಿಗೆ. ಸ್ಟ್ರಾಂಗ್ ಕಾಫಿಗೆ ಚೂರು ಹಾಲು ಬೇಕಾದರೆ 'ಕಫೆ ಮಕ್ಕ್ಯಾತೊ' ಅನ್ನಿ.