ಹದಿನಾಲ್ಕು ದಿನದಲ್ಲಿ ಉಗಾಂಡಾಕ್ಕೆ: ಸೂಜಿ, ಮಾತ್ರೆ, ಯೆಲ್ಲೋ ಕಾರ್ಡ್

ಆಫ್ರಿಕಾಗೆ ಹೊರಡುವವರ ಲಸಿಕೆ, ಮಾತ್ರೆಗಳ ತಯಾರಿ ಆರು ವಾರ ಮುಂಚೆ ಶುರು ಮಾಡದಿದ್ದರೆ ಆಗೋದಿಲ್ಲ ಅಂತ ಹೇಳದವರಿಲ್ಲ. ಆದರೆ ತಂಡ ಕಳಿಸುವ ನಮಗೆ ಆರ್ಡರ್ ಕೈಗೆ ಬರುವುದೇ ಹೊರಡಲು ಎರಡು ವಾರ ಇರುವಾಗ. ಕಳೆದ ಮೂರು ತಂಡಗಳು, ಒಟ್ಟು 26–27 ಜನ, ಒಬ್ಬನನ್ನು ಬಿಟ್ಟು ಎಲ್ಲರೂ ಅಷ್ಟರಲ್ಲೇ ತಯಾರಾಗಿ ಹೋಗಿ ಬಂದರು. ಉಗಾಂಡಾದ ಎಂಟೆಬೆ ವಿಮಾನ ನಿಲ್ದಾಣದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಒಬ್ಬರನ್ನೂ ತಡೆಯಲಿಲ್ಲ.

ಎಲ್ಲ ಇರುವುದು ಕ್ರಮದಲ್ಲಿ. ಮೊದಲ ದಿನವೇ ಯೆಲ್ಲೋ ಫೀವರ್ (ಸೊಳ್ಳೆಯಿಂದ ಹರಡುವ ಹಳದಿ ಜ್ವರ) ಲಸಿಕೆ, ಮಿಕ್ಕಿದ್ದೆಲ್ಲ ಆಮೇಲೆ. ಸೂಜಿ ಹಾಕಿದ ಹತ್ತು ದಿನಕ್ಕೆ ಯೆಲ್ಲೋ ಕಾರ್ಡ್, ಅಂದರೆ ಆ ಲಸಿಕೆಯ ಪ್ರಮಾಣಪತ್ರ, ಊರ್ಜಿತ: 1ನೇ ತಾರೀಕು ಹಾಕಿಸಿದರೆ 11ಕ್ಕೆ. ಲಸಿಕೆ ಸರ್ಕಾರದ ಅಧಿಕೃತ ಕೇಂದ್ರದಲ್ಲಿ ಮಾತ್ರ ಸಿಗುತ್ತದೆ, ಶುಲ್ಕ ಸುಮಾರು 300 ರೂಪಾಯಿ. ಒಂದು ವಯಲ್‌ನಲ್ಲಿ (ಲಸಿಕೆಯ ಪುಟ್ಟ ಸೀಸೆ) ಹಲವು ಡೋಸ್. ಕಲಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ಹಾಕುತ್ತಾರೆ, ಜಾಗ ಬೇಗ ತುಂಬುತ್ತದೆ. ಯಾವ ದಿನ ರಶ್ ಕಡಿಮೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಲ್ಲೂ ಸಾಲು ಶುರುವಾಗುತ್ತದೆ.

ಕೈ ಸುಟ್ಟಿದ್ದು ಮೊದಲ ತಂಡದಲ್ಲಿ. ಒಬ್ಬ ಹುಡುಗ ಒಂಬತ್ತು ದಿನದ ಹಿಂದೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಹಾಕಿಸಿಕೊಂಡಿದ್ದ. ಅದೂ ಯೆಲ್ಲೋ ಫೀವರ್‌ನದೂ ಎರಡೂ ಜೀವಂತ ಲಸಿಕೆ, ಅಂದರೆ ಬಲ ಕುಗ್ಗಿಸಿದ ಜೀವಂತ ವೈರಸ್ ಇರುವಂಥವು. ಒಂದೇ ದಿನ ಹಾಕಬೇಕು, ಇಲ್ಲವೇ ನಾಲ್ಕು ವಾರ ಬಿಡಬೇಕು. ಟಿಕೆಟ್ ಬದಲಿಸಲು ಹದಿನೆಂಟು ಸಾವಿರದ ಹತ್ತಿರ ಹೋಯಿತು. ಈಗ ಮೊದಲ ಫೋನಿನಲ್ಲೇ ಕೇಳುತ್ತೇನೆ: ತಿಂಗಳೊಳಗೆ ಯಾವುದಾದರೂ ಲಸಿಕೆ? ಮೊಟ್ಟೆ ಅಲರ್ಜಿ? ಸ್ಟೀರಾಯ್ಡ್? ವಯಸ್ಸು ಅರವತ್ತು ದಾಟಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ವೈದ್ಯರು ನೋಡುವ ತನಕ ಟಿಕೆಟ್ ಮಾಡಿಸುವುದಿಲ್ಲ.

ಎರಡನೇ ಪೆಟ್ಟು ಹೆಸರಿನದು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ, ಕಾರ್ಡಿನಲ್ಲಿ ಬರೀ ಇನಿಷಿಯಲ್. ಕೌಂಟರ್ ಬಿಡುವ ಮುಂಚೆ ಹೆಸರು, ಪಾಸ್‌ಪೋರ್ಟ್ ನಂಬರ್, ಬ್ಯಾಚ್ ನಂಬರ್, ತಾರೀಕು, ಸಹಿ, ಸೀಲು, ಎಲ್ಲವನ್ನೂ ಬೆರಳಿಟ್ಟು ಓದಿಸಿ. ಹಳೇ ಕಾರ್ಡಿನಲ್ಲಿ ಹತ್ತು ವರ್ಷ ಅಂತಿದ್ದರೆ ಗಾಬರಿ ಬೇಡ, 2016ರ ಜುಲೈನಿಂದ ಅದು ಜೀವನಪೂರ್ತಿ ನಡೆಯುತ್ತದೆ.

ಕೀನ್ಯಾಕ್ಕೆ ಹೋಗುವವರು ಇನ್ನೊಂದು ಕಡೆ ಸಿಕ್ಕಿಬೀಳುತ್ತಾರೆ. ಭಾರತದಿಂದ ನೇರವಾಗಿ ಹೋದರೆ ಅಲ್ಲಿ ಕಾರ್ಡ್ ಕೇಳುವುದಿಲ್ಲ, ವಾಪಸ್ ಬರುವಾಗ ನಮ್ಮವರೇ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. 2023ರಲ್ಲಿ ಆಪರೇಷನ್ ಕಾವೇರಿಯಲ್ಲಿ (ಯುದ್ಧದ ನಡುವಿನಿಂದ ಭಾರತೀಯರನ್ನು ಕರೆತಂದ ಸರ್ಕಾರದ ಕಾರ್ಯಾಚರಣೆ) ಸುಡಾನಿನಿಂದ ಬಂದವರಲ್ಲೂ ಲಸಿಕೆಯಾಗದವರನ್ನು ಹೀಗೇ ಇರಿಸಿಕೊಂಡರು. ಯುದ್ಧ ತಪ್ಪಿಸಿಕೊಂಡು ಬಂದವರಿಗೇ ವಿನಾಯಿತಿ ಇರಲಿಲ್ಲ.

ಟೈಫಾಯ್ಡ್ ಕಾಂಜುಗೇಟ್ (ಟೈಫಾಯ್ಡ್ ಲಸಿಕೆಯ ಒಂದು ಬಗೆ), ಹೆಪಟೈಟಿಸ್ ಎ, ಟಿಡಿ (ಧನುರ್ವಾಯು, ಡಿಫ್ತೀರಿಯಾ ಲಸಿಕೆ) ಮೂರನ್ನೂ ಯೆಲ್ಲೋ ಫೀವರ್ ಹಾಕಿಸಿದ ದಿನವೇ ಬೇರೆ ಕ್ಲಿನಿಕ್‌ನಲ್ಲಿ, ಮೈಯ ಬೇರೆ ಬೇರೆ ಜಾಗಕ್ಕೆ ಹಾಕಿಸಿಬಿಡಬಹುದು. ಇವು ಜೀವಂತ ಲಸಿಕೆಗಳಲ್ಲ, ಅಡ್ಡಿಯಿಲ್ಲ. ಹೆಪಟೈಟಿಸ್ ಎ ಹೊರಡುವ ದಿನ ಹಾಕಿಸಿದರೂ ಲಾಭವಿದೆ. ರೇಬೀಸ್ 0 ಮತ್ತು 7ನೇ ದಿನ, ಎರಡೇ ಡೋಸ್. ಇದನ್ನು ಖರ್ಚು ಅನ್ನಬೇಡಿ: ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು 0, 3ನೇ ದಿನ ಮತ್ತೆರಡು ಡೋಸ್ ಸಾಕು, ಹಳ್ಳಿಗಾಡಿನಲ್ಲಿ ಇಮ್ಯೂನೋಗ್ಲೋಬ್ಯುಲಿನ್ (ಮೊದಲೇ ಲಸಿಕೆಯಾಗದವರಿಗೆ ಕೊಡುವ ಸಿದ್ಧ ಪ್ರತಿಕಾಯದ ಸೂಜಿ) ಹುಡುಕಿ ಅಲೆಯಬೇಕಿಲ್ಲ. ಎಲ್ಲ ಸೇರಿ ತಲೆಗೆ ಐದು ಸಾವಿರದ ಆಸುಪಾಸು.

ಮಲೇರಿಯಾಕ್ಕೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ಮಾತ್ರೆ, ದಿನಕ್ಕೊಂದು. ಹೊರಡುವ ಹಿಂದಿನ ದಿನದಿಂದ ವಾಪಸಾಗಿ ನಾಲ್ಕು ವಾರದವರೆಗೆ. ಮೊದಲು ಮಲಗುವಾಗ ನುಂಗಲು ಹೇಳಿದ್ದೆ. ಇಬ್ಬರಿಗೆ ಅನ್ನನಾಳ ಉರಿದು ಮಾತ್ರೆಯನ್ನೇ ಬಿಟ್ಟರು. ಬೆಳಗಿನ ತಿಂಡಿಯ ಜೊತೆಗೆ ಬದಲಿಸಿದೆ: ತುಂಬಿದ ಲೋಟ ನೀರು, ಅರ್ಧ ಗಂಟೆ ಒರಗಬಾರದು, ಹಾಲು, ಆಂಟಾಸಿಡ್, ಕಬ್ಬಿಣದ ಮಾತ್ರೆ ಹತ್ತಿರಕ್ಕೂ ಬರಬಾರದು. ಈಗ ಮೂರು ದಿನ ಮುಂಚೆ ಊರಲ್ಲೇ ಶುರು ಮಾಡಿಸುತ್ತೇನೆ. ಒಗ್ಗದವರು ಇಲ್ಲೇ ಗೊತ್ತಾಗುತ್ತಾರೆ. ಅವರಿಗೆ ಅಟೊವಾಕ್ವೋನ್-ಪ್ರೊಗ್ವಾನಿಲ್ ಅನ್ನುವ ಇನ್ನೊಂದು ಮಲೇರಿಯಾ ಮಾತ್ರೆ. ದುಬಾರಿ, ಆದರೆ ವಾಪಸಾದ ಮೇಲೆ ಏಳೇ ದಿನ. ಯಾವುದಿದ್ದರೂ ವೈದ್ಯರ ಚೀಟಿ ಮೇಲೆಯೇ.

ಓಆರ್‌ಎಸ್ ವಿಷಯದಲ್ಲಿ ಒಂದು ಪ್ರಯೋಗ ಮಾಡಿದೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಒಂಬತ್ತರಲ್ಲಿ ನಾಲ್ವರು ಅದನ್ನೇ ಲೋಟಕ್ಕೆ ಸುರಿದರು. ಅಷ್ಟು ಉಪ್ಪಾದರೆ ಭೇದಿ ಹೆಚ್ಚೇ ಆಗುತ್ತದೆ. ಈಗ ಒಂದು ಲೀಟರ್ ಬಾಟಲಿಗೇ ಪೊಟ್ಟಣ ಕಟ್ಟಿ ಕೊಡುತ್ತೇನೆ.

ವಾಪಸಾದ ಮೂರು ತಿಂಗಳೊಳಗೆ ಜ್ವರ ಬಂದರೆ ಮೊದಲ ಮಾತೇ "ಆಫ್ರಿಕಾಗೆ ಹೋಗಿದ್ದೆ" ಅಂತಿರಲಿ. ಪ್ಲೇಟ್‌ಲೆಟ್ ಮಲೇರಿಯಾದಲ್ಲೂ ಇಳಿಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಅದನ್ನು ನೋಡಿ ಡೆಂಗಿ ಅಂದುಬಿಡುತ್ತಾರೆ. ಅದೇ ದಿನ ರಕ್ತದ ಸ್ಮಿಯರ್ (ಮಲೇರಿಯಾ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮಾಡಿಸಿ. ನೆಗೆಟಿವ್ ಬಂದರೂ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಇನ್ನೊಮ್ಮೆ.