ಸ್ಲೋ ಕುಕರ್‌ನಲ್ಲಿ ಗ್ರೇಚ್ಕಾ: ನಮ್ಮತ್ತೆ ಹೇಳಿಕೊಟ್ಟ ಹಾಗೆ

ನಾನು ಮದುವೆಯಾಗಿ ಬಂದದ್ದು ರಷ್ಯಾದ ಅಲ್ತಾಯ್ ಸೀಮೆಯ ಬರ್ನಾವುಲ್‌ಗೆ. ಓಬ್ ನದಿ ದಂಡೆಯ ಊರು. ಜುಲೈನಲ್ಲಿ ಊರಾಚೆ ಹೊರಟರೆ ರಸ್ತೆಯ ಎರಡೂ ಕಡೆ ಬಿಳಿ, ತಿಳಿಗುಲಾಬಿ ಹೂವಿನ ಹೊಲಗಳು. ಜೇನುಹುಳುಗಳ ಸದ್ದು ಕಾರಿನ ಒಳಗೂ ಕೇಳಿಸುತ್ತದೆ. ಅದೇ ಗ್ರೇಚ್ಕಾ, ಅಂದರೆ ಬಕ್‌ವೀಟ್. ರಷ್ಯಾದಲ್ಲಿ ಇದನ್ನು ಎಲ್ಲಕ್ಕಿಂತ ಜಾಸ್ತಿ ಬೆಳೆಯುವುದು ಇಲ್ಲೇ. ಹೆಸರಲ್ಲಿ ವೀಟ್ ಇದ್ದರೂ ಗೋಧಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಹುಲ್ಲಿನ ಜಾತಿಯೇ ಅಲ್ಲ, ರೂಬಾರ್ಬ್ ಗಿಡದ ನೆಂಟ. ಅದಕ್ಕೇ ಇದರಲ್ಲಿ ಗೋಧಿಯಲ್ಲಿರುವ ಅಂಟು ಪ್ರೋಟೀನ್, ಅಂದರೆ ಗ್ಲುಟೆನ್, ಇಲ್ಲ.

ಈಗ ಹೇಳುವ ಅಡುಗೆಯ ಹೆಸರು ‘ಗ್ರೇಚ್ಕಾ ಪೊ-ಕುಪೇಚೆಸ್ಕಿ’. ಕುಪೇತ್ಸ್ ಅಂದರೆ ವ್ಯಾಪಾರಿ. ವ್ಯಾಪಾರಿಗಳ ಮನೆಯ ಗ್ರೇಚ್ಕಾ ಅಂತ ಅರ್ಥ. ಬರೀ ಬೆಣ್ಣೆ ಹಾಕಿದ ಕಾಳಲ್ಲ, ಮಾಂಸ, ಕ್ಯಾರೆಟ್, ಈರುಳ್ಳಿ, ಟೊಮೆಟೊ ಎಲ್ಲ ಸೇರಿದ ಹೊಟ್ಟೆ ತುಂಬುವ ಊಟ. ಹೊರಗೆ ಮೈನಸ್ 25 ಇದ್ದಾಗ ಇದೊಂದು ತಟ್ಟೆ ಸಾಕು.

ನಮ್ಮತ್ತೆ ಬೆಳೆದದ್ದು ಬೀಸ್ಕ್ ಹತ್ತಿರದ ಒಂದು ಹಳ್ಳಿಯಲ್ಲಿ. ಅವರ ಮನೆಯಲ್ಲಿ ಇಟ್ಟಿಗೆಯ ದೊಡ್ಡ ಒಲೆ ಇತ್ತು, ಪೇಚ್ ಅನ್ನುತ್ತಾರೆ. ಬೆಳಿಗ್ಗೆ ಸೌದೆ ಉರಿಸಿ, ಉರಿ ಆರಿದ ಮೇಲೆ ಚುಗುನೋಕ್ ಅನ್ನುವ ಎರಕದ ಕಬ್ಬಿಣದ ಮಡಕೆಯನ್ನು ಒಳಗೆ ತಳ್ಳಿ ಬಾಯಿ ಮುಚ್ಚುತ್ತಿದ್ದರಂತೆ. ಮಧ್ಯಾಹ್ನದವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಬೆಂಕಿ ಇಲ್ಲ, ಬರೀ ಒಲೆಯ ಕಾವು. ಹೀಗೆ ಕಾವಿಗೆ ಬಿಡುವುದಕ್ಕೆ ರಷ್ಯನ್‌ನಲ್ಲಿ ‘ತೊಮಿತ್’ ಅಂತ ಬೇರೆಯೇ ಮಾತಿದೆ. ಕುದಿಸುವುದಕ್ಕೆ ಇರುವ ಮಾತು ಬೇರೆ. ಗ್ರೇಚ್ಕಾ ರುಚಿಯ ಗುಟ್ಟು ಇರುವುದು ಈ ತೊಮಿತ್‌ನಲ್ಲೇ. ಅಪಾರ್ಟ್‌ಮೆಂಟಿನಲ್ಲಿ ಪೇಚ್ ಎಲ್ಲಿಂದ ತರೋಣ? ಅದರ ಕಾವಿಗೆ ಹತ್ತಿರ ಬರುವುದು ಸ್ಲೋ ಕುಕರ್, ಅಂದರೆ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ. ಸೀಟಿ ಹೊಡೆಯುವ ಪ್ರೆಶರ್ ಕುಕರ್ ಅಲ್ಲ.

ಮೊದಲು ಕಾಳಿನ ವಿಷಯ, ಅರ್ಧ ಕೆಲಸ ಅಲ್ಲೇ ಇದೆ. ಪ್ಯಾಕೆಟ್ ಮೇಲೆ ‘ಯಾದ್ರಿತ್ಸಾ’ ಅಂತ ಇರಬೇಕು, ಅಂದರೆ ಇಡೀ ಕಾಳು. ‘ಪ್ರೊದೆಲ್’ ಅಂದರೆ ನುಚ್ಚು, ಅದು ಗಂಜಿಗೆ ಸರಿ, ಇದಕ್ಕೆ ಬೇಡ. ಬಣ್ಣ ಕಂದು ಇರಬೇಕು. ಇಲ್ಲಿ ಕಾಳಿಗೆ ಆವಿ ಹಾಯಿಸಿ, ಒಣಗಿಸಿ, ಆಮೇಲೆ ಸಿಪ್ಪೆ ತೆಗೆಯುತ್ತಾರೆ. ಅದರಿಂದಲೇ ಆ ಕಂದು ಬಣ್ಣ, ಆ ಘಮ. ‘ಜೆಲ್ಯೋನಯಾ’ ಅನ್ನುವ ಹಸಿರು ಕಾಳು ಹಸಿಯದು. ನಿಧಾನದ ಅಡುಗೆಯಲ್ಲಿ ಮುದ್ದೆಯಾಗುತ್ತದೆ.

ಎರಡು ಲೋಟ ಕಾಳು ತೆಗೆದುಕೊಳ್ಳಿ. ನನ್ನ ಲೋಟ 200 ಮಿಲಿಯದು, ಎರಡಕ್ಕೆ ಸುಮಾರು 340 ಗ್ರಾಂ. ಮೇಜಿನ ಮೇಲೆ ಹರಡಿ, ಕಪ್ಪು ಸಿಪ್ಪೆ ಉಳಿದ ಕಾಳು, ಕಸ ಆರಿಸಿ. ಅತ್ತೆ ಈಗಲೂ ಕನ್ನಡಕ ಹಾಕಿಕೊಂಡು ಕಿಟಕಿ ಪಕ್ಕ ಕೂತು ಆರಿಸುತ್ತಾರೆ. ನೀರು ತಿಳಿಯಾಗುವ ತನಕ ತೊಳೆಯಿರಿ. ಆಮೇಲೆ ಒಣ ಬಾಣಲೆಯಲ್ಲಿ ಮಧ್ಯಮ ಉರಿಗೆ ಐದಾರು ನಿಮಿಷ ಹುರಿಯಿರಿ. ನೀರು ಆರಿ, ಕಾಳು ಬಿಡಿಬಿಡಿಯಾಗಿ, ಬೀಜ ಹುರಿದಂಥ ವಾಸನೆ ಬಂದರೆ ಸಾಕು. ಅದಾಗಲೇ ಕಂದು ಇದೆಯಲ್ಲ, ಮತ್ತೆ ಯಾಕೆ ಹುರಿಯಬೇಕು ಅನಿಸಬಹುದು. ಹುರಿದರೆ ಕಾಳು ಉದುರಾಗಿ ನಿಲ್ಲುತ್ತದೆ. ಈ ಹಂತ ಬಿಡಬೇಡಿ.

ಮಾಂಸ 500 ಗ್ರಾಂ. ನಾನು ಹಂದಿಯ ಭುಜದ ತುಂಡು ತರುತ್ತೇನೆ, ಸ್ವಲ್ಪ ಕೊಬ್ಬು ಇರಲಿ. ಕೋಳಿ ತೊಡೆಯೂ ಆಗುತ್ತದೆ. ಎರಡು ಸೆಂಟಿಮೀಟರ್ ತುಂಡುಗಳಾಗಿ ಹೆಚ್ಚಿ, ಸೂರ್ಯಕಾಂತಿ ಎಣ್ಣೆಯಲ್ಲಿ ಜೋರು ಉರಿಗೆ ಕೆಂಪಗೆ ಹುರಿದು ಕುಕರ್‌ಗೆ ಹಾಕಿ. ಸ್ಲೋ ಕುಕರ್ ತಾನಾಗಿ ಕೆಂಪು ಮಾಡುವುದಿಲ್ಲ, ಬಾಣಲೆ ಬೇಕೇ ಬೇಕು. ಅದೇ ಎಣ್ಣೆಯಲ್ಲಿ ಎರಡು ದೊಡ್ಡ ಈರುಳ್ಳಿ, ತುರಿಯದೆ ಕಡ್ಡಿಯಂತೆ ಹೆಚ್ಚಿದ ಎರಡು ಕ್ಯಾರೆಟ್ ಬಾಡಿಸಿ. ಎರಡು ಚಮಚ ಟೊಮೆಟೊ ಪೇಸ್ಟ್ ಹಾಕಿ ಒಂದು ನಿಮಿಷ ಹುರಿಯಿರಿ, ಹಸಿ ಹುಳಿ ಹೋಗುತ್ತದೆ. ಎಲ್ಲವನ್ನೂ ಮಾಂಸದ ಮೇಲೆ ಸುರಿದು ಒಂದೂವರೆ ಟೀ ಚಮಚ ಉಪ್ಪು, ಐದಾರು ಕಾಳುಮೆಣಸು, ಅರ್ಧ ಲೋಟ ಬಿಸಿನೀರು ಸೇರಿಸಿ. ಮುಚ್ಚಿ. ಕಡಿಮೆ ಕಾವಿನಲ್ಲಿ ಐದರಿಂದ ಆರು ಗಂಟೆ, ಕೋಳಿಯಾದರೆ ನಾಲ್ಕು.

ಗ್ರೇಚ್ಕಾ ಈಗಲೇ ಹಾಕಬೇಡಿ. ನಾನು ಮೊದಲ ಸಲ ಎಲ್ಲ ಒಟ್ಟಿಗೆ ಹಾಕಿ, ಎಂಟು ಗಂಟೆ ಇಟ್ಟು ಕೆಲಸಕ್ಕೆ ಹೋಗಿದ್ದೆ. ಬಂದು ನೋಡಿದರೆ ಕಾಳಿನ ಗುರುತೇ ಇಲ್ಲ, ಎಲ್ಲ ಕರಗಿ ಅಂಟಿಕೊಂಡಿತ್ತು. ತುಂಬಾ ಬೇಜಾರಾಯಿತು. ಅತ್ತೆ ಒಂದು ತುತ್ತು ತಿಂದು, ‘ಮಗಳೇ, ಮಾಂಸಕ್ಕೆ ಬೇಕಾದ ಹೊತ್ತು ಬೇರೆ, ಕಾಳಿಗೆ ಬೇಕಾದ ಹೊತ್ತು ಬೇರೆ’ ಅಂದರು. ಅಂದಿನಿಂದ ಎರಡು ಸಲಕ್ಕೆ ಮಾಡುತ್ತೇನೆ.

ಮಾಂಸ ಚಮಚಕ್ಕೆ ಮೆತ್ತಗೆ ಸಿಕ್ಕಿತು ಅಂದ ಮೇಲೆ ಕಾಳನ್ನು ಅದರ ಮೇಲೆ ಸಮನಾಗಿ ಹರಡಿ. ಎರಡು ಬೇ ಲೀಫ್, ಸಿಪ್ಪೆ ಸಮೇತ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಸಿಕ್ಕಿಸಿ. ಕುದಿಯುವ ನೀರು ಮೂರು ಲೋಟ, ಅಂಚಿನಿಂದ ನಿಧಾನಕ್ಕೆ ಹುಯ್ಯಿರಿ. ಗ್ರೇಚ್ಕಾಗೆ ಒಂದಕ್ಕೆರಡು ನೀರು ಅನ್ನುವುದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಮಾಂಸ, ತರಕಾರಿ ಬಿಟ್ಟ ರಸ ಅಡಿಯಲ್ಲಿ ಇದೆಯಲ್ಲ, ಅದಕ್ಕೇ ಒಂದು ಲೋಟ ಕಮ್ಮಿ. ತಣ್ಣೀರು ಹಾಕಿದರೆ ಕುಕರ್ ಮತ್ತೆ ಬಿಸಿಯಾಗುವಷ್ಟರಲ್ಲಿ ಕಾಳು ನೆನೆದು ಒಡೆಯುತ್ತದೆ. ಜಾಸ್ತಿ ಕಾವಿಗೆ ತಿರುಗಿಸಿ, ಒಂದು ಗಂಟೆ. ಕೈಯಾಡಿಸಬೇಡಿ. ಮುಚ್ಚಳ ತೆಗೆದು ಇಣುಕಲೂ ಬೇಡಿ, ಒಳಗಿನ ಆವಿ ಹೋದರೆ ಮೇಲಿನ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ.

ಇಲ್ಲಿ ಜಾಸ್ತಿ ಮನೆಗಳಲ್ಲಿ ಇರುವುದು ಮಲ್ಟಿವಾರ್ಕಾ, ಬೇರೆ ಬೇರೆ ಅಡುಗೆಗೆ ಬೇರೆ ಬೇರೆ ಬಟನ್ ಇರುವ ಕರೆಂಟಿನ ಕುಕರ್. ಅದರಲ್ಲಾದರೆ ‘ಝಾರ್ಕಾ’ (ಹುರಿಯುವ) ಬಟನ್ ಒತ್ತಿ ಅಲ್ಲೇ ಹುರಿಯಬಹುದು, ಬಾಣಲೆ ಬೇಡ. ‘ತುಶೇನಿಯೆ’ (ನಿಧಾನಕ್ಕೆ ಬೇಯಿಸುವುದು) ಬಟನ್‌ನಲ್ಲಿ ಮಾಂಸಕ್ಕೆ ಒಂದು ಗಂಟೆ, ಆಮೇಲೆ ‘ಕ್ರುಪಾ’ (ಕಾಳು) ಬಟನ್‌ನಲ್ಲಿ ಕಾಳಿಗೆ 35–40 ನಿಮಿಷ.

ಗಂಟೆಯಾದ ಮೇಲೆ ಸ್ವಿಚ್ ಆರಿಸಿ, 50 ಗ್ರಾಂ ಬೆಣ್ಣೆ ತುಂಡು ಮಾಡಿ ಮೇಲೆ ಬೇಗ ಉದುರಿಸಿ ಮುಚ್ಚಿ. ಇಡೀ ಪಾತ್ರೆಗೆ ದಪ್ಪ ಟವೆಲ್ ಸುತ್ತಿ 20 ನಿಮಿಷ ಬಿಡಿ. ತೊಮಿತ್ ಮುಗಿಯುವುದು ಇಲ್ಲಿ. ಬೆಣ್ಣೆಗೆ ಕೈ ಹಿಡಿಯಬೇಡಿ. ಕಾಶಾ, ಅಂದರೆ ಬೇಯಿಸಿದ ಕಾಳು, ಬೆಣ್ಣೆಯಿಂದ ಕೆಡುವುದಿಲ್ಲ ಅಂತ ಇಲ್ಲಿ ಗಾದೆಯೇ ಇದೆ. ಆಮೇಲೆ ಬೆಳ್ಳುಳ್ಳಿ ಸಿಪ್ಪೆ, ಎಲೆ ತೆಗೆದು, ಅಡಿಯಿಂದ ಒಂದೇ ಸಲ ಮೇಲೆತ್ತಿ ಬೆರೆಸಿ. ಸಬ್ಬಸಿಗೆ ಸೊಪ್ಪು ಉದುರಿಸಿ. ಪಕ್ಕಕ್ಕೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಒಂದು ಚಮಚ ಸ್ಮೆತಾನಾ (ಹುಳಿ ಕೆನೆ), ರೈ ಹಿಟ್ಟಿನ ಕಪ್ಪು ಬ್ರೆಡ್. ನಾಲ್ಕೈದು ಜನಕ್ಕೆ ಧಾರಾಳ.

ಮಾಂಸ ಬೇಡವಾದರೂ ಇದು ಕಮ್ಮಿಯಾಗುವುದಿಲ್ಲ. ಈಸ್ಟರ್‌ಗೆ ಮುಂಚಿನ ಏಳು ವಾರದ ಉಪವಾಸದಲ್ಲಿ ಅತ್ತೆ ಮಾಂಸ, ಬೆಣ್ಣೆ ಎರಡೂ ಮುಟ್ಟುವುದಿಲ್ಲ. ಆಗ ಒಣಗಿಸಿದ ಬಿಳಿ ಅಣಬೆ (ಪೊರ್ಚೀನಿ) ಒಂದು ಹಿಡಿ, 30 ಗ್ರಾಂನಷ್ಟು, ಮೂರೂವರೆ ಲೋಟ ಬಿಸಿನೀರಲ್ಲಿ ಒಂದು ಗಂಟೆ ನೆನೆಸುತ್ತಾರೆ. ಆ ಕಂದು ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ, ನೀರಿನ ಬದಲು ಅದನ್ನೇ ಹುಯ್ಯುತ್ತಾರೆ. ಅಣಬೆ, ಈರುಳ್ಳಿ, ಕ್ಯಾರೆಟ್ ಎಣ್ಣೆಯಲ್ಲಿ ಹುರಿದರೆ ಕಾಳು ಆಗಲೇ ಹಾಕಬಹುದು, ಒಟ್ಟು ಒಂದೂಕಾಲು ಗಂಟೆ. ನಿಜ ಹೇಳಬೇಕೆಂದರೆ ನನಗೆ ಮಾಂಸದ್ದಕ್ಕಿಂತ ಇದೇ ಇಷ್ಟ.

ಅತ್ತೆಯ ಅಡುಗೆಮನೆಯಲ್ಲಿ ಮೂರು ಲೀಟರಿನ ಗಾಜಿನ ಜಾಡಿಯಲ್ಲಿ ಗ್ರೇಚ್ಕಾ ಯಾವಾಗಲೂ ಇರುತ್ತದೆ. 2010ರ ಬರಗಾಲದಲ್ಲಿ ಬೆಲೆ ವಿಪರೀತ ಏರಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಭಯಕ್ಕೆ ಜನ ಅಂಗಡಿಗಳಿಂದ ಗ್ರೇಚ್ಕಾ ಹೊತ್ತುಕೊಂಡು ಹೋಗಿ ಕಪಾಟು ಖಾಲಿಯಾಗಿತ್ತು. ನಮ್ಮ ಮನೆಯಲ್ಲಿ ಆಗ ಜಾಡಿ ತುಂಬಿತ್ತು, ಪಕ್ಕದ ಮನೆಗೂ ಕೊಟ್ಟೆವು.

ಉಳಿದರೆ ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತದೆ. ಮೈಕ್ರೊವೇವ್‌ಗಿಂತ ಬಾಣಲೆ ಒಳ್ಳೆಯದು. ಬೆಣ್ಣೆ ಕರಗಿಸಿ, ಅಡಿಯ ಕಾಳು ಗರಿಗರಿಯಾಗುವ ತನಕ ಬಿಸಿ ಮಾಡಿ, ಮೇಲೊಂದು ಮೊಟ್ಟೆ ಒಡೆದು ಹಾಕಿ ಮುಚ್ಚಿಡಿ.