ರಾತ್ರಿ ಹನ್ನೊಂದಕ್ಕೆ ಡಗ್ಗಾ ಕೇಳಿಸ್ಕೊಳ್ಳೋಕೆ ನಾನ್ ಪಟ್ಟ ಪಾಡು

ನಮ್ಮನೇಲಿ ಪಾಪು ಮಲಗೋದೇ ಹತ್ತೂವರೆಗೆ, ಆಮೇಲೆ ಹಿಂದುಸ್ತಾನಿ ಸಂಗೀತ ಕೇಳೋಕೆ ಸಿಗೋ ಒಂದು ಗಂಟೆ ಅಷ್ಟೇ ನಂದು. ಬಾಡಿಗೆ ಮನೆ, ಕೆಳಗಡೆನೇ ಓನರ್, ಹಂಗಾಗಿ ವಾಲ್ಯೂಮ್ ಏರಿಸೋ ಮಾತೇ ಇಲ್ಲ. ಹೆಡ್‌ಫೋನ್ ಹಾಕ್ಕೊಳ್ಳಿ ಅಂತೀರ, ಹಾಕ್ಕೊಂಡ್ರೆ ಪಾಪು ಅಳೋದು ಕೇಳ್ಸಲ್ಲ, ಒಂದ್ಸಲ ಹಂಗಾಗಿ ಮನೇಲಿ ಬೈಸ್ಕೊಂಡಿದ್ದೂ ಆಗಿದೆ.

ಭಾನುವಾರ ಬೆಳಗ್ಗೆ ಜೋರಾಗಿಟ್ರೆ ತುಂಬಿ ಬರೋ ಅದೇ ಸ್ಪೀಕರ್ ರಾತ್ರಿ ಸಣ್ಣಗೆ ಇಟ್ರೆ ಹಳೇ ಟ್ರಾನ್ಸಿಸ್ಟರ್ ಥರ ಆಗ್ಬಿಡೋದು. ಮಲ್ಲಿಕಾರ್ಜುನ ಮನ್ಸೂರರ ದನಿ ಕೇಳ್ಸತ್ತೆ, ತಬಲಾದ ಬಲಗೈ ಟಕ್ ಟಕ್ ಅಂತ ಕೇಳ್ಸತ್ತೆ, ಎಡಗೈಯಲ್ಲಿ ಡಗ್ಗಾನ, ಅಂದ್ರೆ ತಬಲಾ ಜೋಡಿಯ ದೊಡ್ಡದನ್ನ, ಒತ್ತಿ ಜಾರಿಸಿದಾಗ ಬರೋ ಆ "ಘೇ" ಅನ್ನೋ ದಪ್ಪ ನಾದ ಮಾತ್ರ ಮಂಗಮಾಯ. ತಂಬೂರಿ ಅಂತೂ ಇದ್ಯೋ ಇಲ್ವೋ ಊಹೆ ಮಾಡ್ಕೋಬೇಕು.

ಸ್ಪೀಕರ್ ಚಿಕ್ಕದು, 5 ಇಂಚಿನ ವೂಫರ್, ಅದ್ಕೇ ಹಿಂಗೆ ಅಂದ್ಕೊಂಡು ಸೆಕೆಂಡ್ ಹ್ಯಾಂಡಲ್ಲಿ ಒಂದು ಸಬ್‌ವೂಫರ್, ಅಂದ್ರೆ ಬೇಸ್‌ಗೆ (ದಪ್ಪ ದನಿಗೆ) ಅಂತಲೇ ಇರೋ ಸ್ಪೀಕರ್, ತಂದೆ. ಮೂರನೇ ದಿನ ಓನರ್ ಆಂಟಿ ಮೆಟ್ಲ ಹತ್ರ ಸಿಕ್ಕಿ, "ಏನಪ್ಪಾ, ರಾತ್ರಿ ಹೊತ್ತಲ್ಲಿ ಗ್ರೈಂಡರ್ ಹಾಕ್ತೀರಾ?" ಅಂದ್ರು. ನನಗೆ ಸರಿಯಾಗಿ ಕೇಳ್ಸದೇ ಇರೋ ಬೇಸ್ ಮಾತ್ರ ಮೋಲ್ಡಿಂಗ್ ದಾಟಿ ಅವರ ಮಂಚದವರೆಗೂ ಹೋಗಿದೆ! ತಂದ ರೇಟಿಗಿಂತ 800 ರೂಪಾಯಿ ಕಮ್ಮಿಗೆ ಕೊಟ್ಟು ಕೈ ತೊಳ್ಕೊಂಡೆ.

ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದು, ತಪ್ಪು ಸ್ಪೀಕರ್‌ದಲ್ಲ, ನಮ್ಮ ಕಿವಿದು. ಸೌಂಡ್ ಕಮ್ಮಿ ಆದಷ್ಟೂ ಕಿವಿ ಬೇಸ್ ವಿಷ್ಯದಲ್ಲಿ ಮಂದ ಆಗತ್ತೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅನ್ನೋ ವಿಜ್ಞಾನಿಗಳು ಇದನ್ನ ಅಳೆದು ಗ್ರಾಫ್ ಹಾಕಿದಾರೆ. ಈಗಿನ ಲೆಕ್ಕ ಹೇಳ್ತೀನಿ, 1000 ಹರ್ಟ್ಸ್‌ನ ಒಂದು ಸ್ವರ 40 ಡೆಸಿಬೆಲ್‌ನಲ್ಲಿ ಕೇಳಿದಷ್ಟೇ ಜೋರಾಗಿ 100 ಹರ್ಟ್ಸ್‌ನ ದಪ್ಪ ಸ್ವರ ಕೇಳ್ಬೇಕು ಅಂದ್ರೆ ಅದಕ್ಕೆ ಹತ್ತತ್ರ 64 ಡೆಸಿಬೆಲ್ ಬೇಕು, ಅಂದ್ರೆ 24 ಜಾಸ್ತಿ. ಅದೇ 80 ಡೆಸಿಬೆಲ್‌ನಲ್ಲಿ ಜೋರಾಗಿ ಕೇಳ್ತಿದ್ರೆ ಈ ವ್ಯತ್ಯಾಸ 12ರ ಆಸುಪಾಸಿಗೆ ಇಳಿಯತ್ತೆ. ಅಪ್ಪನ ಹಳೇ ಆಂಪ್ಲಿಫೈಯರಲ್ಲಿ ಲೌಡ್‌ನೆಸ್ ಅಂತ ಒಂದು ಬಟನ್ ಇತ್ತು, ಚಿಕ್ಕವನಿದ್ದಾಗ ಸುಮ್ನೆ ಒತ್ತಿ ಬಿಟ್ಟು ಆಟ ಆಡ್ತಿದ್ದೆ, ಅದು ಇದ್ದಿದ್ದೇ ಸಣ್ಣಗಿಟ್ಟಾಗ ಬೇಸ್ ಏರಿಸೋಕೆ ಅಂತ ಈಗ ಹೊಳೀತು.

ಆದ್ರೆ ಸುಮ್ನೆ ಬೇಸ್ ಏರಿಸಿದ್ರೆ ಮತ್ತೆ ಗ್ರೈಂಡರ್ ಕಂಪ್ಲೇಂಟೇ ಅಲ್ವಾ. ಹಾಗಾಗಿ ಮೊದಲು ಮಾಡಿದ್ದು ಹತ್ರ ಬರೋದು. ಸ್ಪೀಕರ್ ಟಿವಿ ಪಕ್ಕ ಇತ್ತು, ನಾನು ಹತ್ತಡಿ ದೂರ ಸೋಫಾದಲ್ಲಿ. ಎಡ ಬಲ ಸ್ಪೀಕರ್ ಎರಡನ್ನೂ ಎರಡು ಸ್ಟೂಲ್ ಮೇಲಿಟ್ಟು ಕುರ್ಚಿಯಿಂದ ಮೂರೂವರೆ ಅಡಿಗೆ ತಂದೆ, ಟ್ವೀಟರ್ (ಸಣ್ಣ ದನಿ ಬರೋ ಭಾಗ) ಸರಿಯಾಗಿ ಕಿವಿ ಎತ್ತರಕ್ಕೆ, ಮುಖ ನನ್ ಕಡೆಗೆ. ಬಯಲಲ್ಲಿ ಆದ್ರೆ ದೂರ ಅರ್ಧ ಆದಾಗೆಲ್ಲ 6 ಡೆಸಿಬೆಲ್ ಲಾಭ, ರೂಮಲ್ಲಿ ಅಷ್ಟು ಸಿಗಲ್ಲ, ಆದ್ರೂ ನನ್ ಕಿವಿಗೆ ಬೀಳೋದು ಚೆನ್ನಾಗಿ ಜಾಸ್ತಿ ಆಯ್ತು, ಕೆಳಗಿನ ಮನೆಗೆ ಹೋಗೋದು ಇದ್ದಷ್ಟೇ. ಸ್ಟೂಲ್ ಕಾಲಿನ ಕೆಳಗೆ ಹಳೇ ಯೋಗ ಮ್ಯಾಟ್ ಕತ್ತರಿಸಿ ಇಟ್ಟಿದೀನಿ. ನೋಡಕ್ಕೆ ಹಾಲ್ ಮಧ್ಯೆ ಸತ್ಯನಾರಾಯಣ ಪೂಜೆಗೆ ಮಂಟಪ ಕಟ್ಟಿದ ಹಾಗಿದೆ ಅಂತ ಮನೆಯವಳ ಕಾಮೆಂಟು, ಹಾಗಾಗಿ ಕೇಳಿ ಆದ್ಮೇಲೆ ಎತ್ತಿಡೋದು ನನ್ ಡ್ಯೂಟಿ.

ಎರಡನೇದು ಫ್ಯಾನ್. ಫೋನ್ ಆಪಲ್ಲಿ ನೋಡಿದೆ, ಫ್ಯಾನ್ 3ರಲ್ಲಿದ್ರೆ ರೂಮಿನ ಸದ್ದು 44 ಡೆಸಿಬೆಲ್, ಆಫ್ ಮಾಡಿದ್ರೆ 33. ಆಪ್ ತೋರಿಸೋ ನಂಬರ್ ಪಕ್ಕಾ ಅಲ್ಲ, ವ್ಯತ್ಯಾಸ ಮಾತ್ರ ನಂಬಬಹುದು. ತಂಬೂರಿ ಇಷ್ಟು ದಿನ ಆ 11 ಡೆಸಿಬೆಲ್ ಗಾಳಿಯ ಅಡೀಲಿ ಮುಳುಗಿತ್ತು, ಸೊಳ್ಳೆ ಕಚ್ಚಿದ್ರೂ ಪರವಾಗಿಲ್ಲ ಅನ್ನಿಸ್ತು.

ಇನ್ನೊಂದು ವಿಚಿತ್ರ, ಇದನ್ನ ಕಂಡುಹಿಡಿಯೋಕೆ ನನಗೆ ವಾರ ಹಿಡೀತು. ಸಣ್ಣಗಿಟ್ಟಾಗ ಗಾಯಕರು ಬಲಗಡೆ ಸರಿದು ಕೂತಂಗೆ ಕೇಳ್ತಿತ್ತು. ಕಿವಿ ಡಾಕ್ಟರ್ ಹತ್ರ ಹೋಗ್ಬೇಕೇನೋ ಅಂತ ಭಯ ಬೇರೆ. ನೋಡಿದ್ರೆ ಆಂಪ್ಲಿಫೈಯರ್ ವಾಲ್ಯೂಮ್ ನಾಬ್ ಒಳಗೆ ಸೌಂಡ್ ಏರಿಳಿಸೋ ಪೊಟೆನ್ಶಿಯೋಮೀಟರ್, ತೀರಾ ಕೆಳಗೆ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಏಳು ಗಂಟೆ ಎಂಟು ಗಂಟೆ ಜಾಗದಲ್ಲಿ ಇದ್ದಾಗ ಎಡ ಬಲ ಎರಡೂ ಸಮ ಬರಲ್ಲ, ಅಗ್ಗದ ಪೊಟೆನ್ಶಿಯೋಮೀಟರ್‌ಗಳಲ್ಲಿ ಇದು ಮಾಮೂಲಿ. ಲ್ಯಾಪ್‌ಟಾಪಲ್ಲಿ ವಾಲ್ಯೂಮ್ ಇಳಿಸಿ ನಾಬ್‌ನ ಹತ್ತು ಗಂಟೆಗೆ ತಂದೆ, ಮನ್ಸೂರರು ವಾಪಸ್ ನಡುವೆ ಬಂದು ಕೂತ್ರು.

ಇಷ್ಟೆಲ್ಲ ಆದ್ಮೇಲೆ ಕೊನೇಲಿ ಈಕ್ವಲೈಸರ್, ಅಂದ್ರೆ ದಪ್ಪ ಸಣ್ಣ ದನಿಗಳನ್ನ ಬೇರೆ ಬೇರೆಯಾಗಿ ಏರಿಳಿಸೋದು. ವಿಂಡೋಸ್‌ಗೆ ಈಕ್ವಲೈಸರ್ ಎಪಿಒ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದ್ರಲ್ಲಿ ಲೋ ಶೆಲ್ಫ್ (ಒಂದು ಮಟ್ಟದಿಂದ ಕೆಳಗಿನ ಬೇಸ್‌ನೆಲ್ಲ ಒಟ್ಟಿಗೆ ಏರಿಸೋದು) 120 ಹರ್ಟ್ಸ್‌ಗೆ 5 ಡೆಸಿಬೆಲ್ ಏರಿಸಿ, 8000 ಹರ್ಟ್ಸ್‌ನ ಮೇಲೆ ಒಂದೂವರೆ ಕೊಟ್ಟೆ. ಅದ್ರಲ್ಲಿರೋ ಪ್ರೀಆಂಪ್‌ನ (ಒಟ್ಟು ಸೌಂಡಿನ ಮಟ್ಟ) ಮೈನಸ್ 6ಕ್ಕೆ ಇಳಿಸೋದು ಮರೀಬೇಡಿ, ಇಲ್ಲಾಂದ್ರೆ ಬೇಸ್ ಬಂದಾಗೆಲ್ಲ ಕರಕರ ಅನ್ನತ್ತೆ. ಮೊದಲ ದಿನ ಆಸೆಗೆ ಬಿದ್ದು 10 ಕೊಟ್ಟಿದ್ದೆ, ಡಗ್ಗಾ ಹೋಗಿ ಡೊಳ್ಳು ಆಯ್ತು. ಹಾಗೇ ರಾತ್ರಿದನ್ನ ಬೆಳಗ್ಗೆ ಆಫ್ ಮಾಡ್ಬೇಕು, ಒಂದು ಭಾನುವಾರ ಮರೆತು ಜೋರಾಗಿಟ್ಟೆ, ಅಮ್ಮ ಅಡುಗೆಮನೆಯಿಂದ "ಯಾರ ಮನೆ ಗಣಪತಿ ಬಿಡ್ತಿದಾರೋ?" ಅಂತ ಕೇಳಿದ್ರು.

ಈಗ ಹನ್ನೊಂದು ಗಂಟೆಗೆ, ಪಕ್ಕದ ರೂಮಲ್ಲಿ ಪಾಪು ಮಗ್ಗಲು ಬದಲಾಯಿಸಿದ್ದು ಕೇಳ್ಸೋಷ್ಟು ಸಣ್ಣಗಿಟ್ರೂ ಆ ಘೇ ಜಾರೋದು ಗೊತ್ತಾಗತ್ತೆ. ಫ್ರಿಡ್ಜ್ ಒಂದು ಬಾಕಿ ಇದೆ, ಕಂಪ್ರೆಸರ್ ಆನ್ ಆದ ತಕ್ಷಣ ತಂಬೂರಿ ಜೊತೆ ಅದೂ ಒಂದು ಶ್ರುತಿ ಹಿಡಿಯತ್ತೆ, ಅದೂ ಕಾಲು ಸ್ವರ ತಪ್ಪಿ.